ಕಾಜಿರಂಗ: ಬ್ರಹ್ಮಪುತ್ರದ ಸಂರಕ್ಷಿತ ನೆರೆಬಯಲು

ಕಾಜಿರಂಗವು ಅಸ್ಸಾಂ ರಾಜ್ಯದಲ್ಲಿ ಬ್ರಹ್ಮಪುತ್ರ ನದಿಯ ದಕ್ಷಿಣ ದಂಡೆಗೂ ಕಾರ್ಬಿ ಆಂಗ್ಲಾಂಗ್ ಗುಡ್ಡಗಳಿಗೂ ನಡುವೆ ಹರಡಿರುವ, ಮಳೆಗಾಲದಲ್ಲಿ ನದಿಯ ನೀರಿಗೆ ಮುಳುಗಿ ಚಳಿಗಾಲಕ್ಕೆ ಹುಲ್ಲುಗಾವಲಾಗಿ ಮೇಲೇಳುವ ಸಂರಕ್ಷಿತ ನೆರೆಬಯಲು. ಭಾರತದ ಒಂಟಿಕೊಂಬಿನ ಘೇಂಡಾಮೃಗದ ಅತಿ ದೊಡ್ಡ ನೆಲೆ ಇದು. 1974ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, 1985ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣವಾಗಿ, 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ ಘೋಷಿತವಾಯಿತು. ಗೋಲಾಘಾಟ್ ಮತ್ತು ನಗಾಂವ್ ಜಿಲ್ಲೆಗಳಲ್ಲಿ ಇದರ ಮುಖ್ಯ ಭಾಗವಿದೆ. ನಂತರ ಸೇರಿಸಿದ ಪ್ರದೇಶಗಳು ನದಿಯ ಪಾತ್ರವನ್ನೂ ಅದರ ಉತ್ತರ ದಂಡೆಯ ಕೆಲವು ಭಾಗಗಳನ್ನೂ ಒಳಗೊಂಡಿವೆ.

ಹೆಸರು ಮತ್ತು ಪದಬಳಕೆ

ಕಾಜಿರಂಗ ಎಂಬ ಹೆಸರಿನ ಮೂಲದ ಬಗ್ಗೆ ಒಮ್ಮತವಿಲ್ಲ. ಇದು ಕಾರ್ಬಿ ಭಾಷೆಯ ಪದವೆಂದು ಕೆಲವರು ಹೇಳುತ್ತಾರೆ. ಕಾಜಿ ಎಂಬ ಯುವಕ ಮತ್ತು ರಂಗಾ ಎಂಬ ಯುವತಿ ಮನೆಯವರ ವಿರೋಧಕ್ಕೆ ಸಿಕ್ಕಿ ಈ ಕಾಡಿನೊಳಗೆ ಮರೆಯಾದರೆಂಬ ಕಥೆ ಜನಪದದಲ್ಲಿದೆ.

ಈ ಪ್ರದೇಶವನ್ನು ವಿವರಿಸಲು ಕೆಲವು ಪದಗಳನ್ನು ನಿಗದಿ ಮಾಡಿಕೊಳ್ಳುವುದು ಅಗತ್ಯ. ನದಿ ಉಕ್ಕಿದಾಗ ನೀರು ಹರಡಿ ನಿಲ್ಲುವ, ನದಿಯೇ ತಂದು ಹಾಸಿದ ಮೆಕ್ಕಲು ಮಣ್ಣಿನ ಸಮತಟ್ಟು ಭೂಮಿಯೇ ನೆರೆಬಯಲು; ಶಾಲಾ ಭೂಗೋಳದಲ್ಲಿ ಇದನ್ನು ಪ್ರವಾಹ ಮೈದಾನ ಎಂದು ಕರೆಯುವುದುಂಟು. ನದಿ ತನ್ನ ದಾರಿ ಬದಲಿಸಿದ ಮೇಲೆ ಹಳೆಯ ಪಾತ್ರದ ತಗ್ಗಿನಲ್ಲಿ ಉಳಿದ ಸರೋವರ ಅಥವಾ ಜೌಗಿಗೆ ಅಸ್ಸಾಮಿಯಲ್ಲಿ ಬೀಲ್ ಎನ್ನುತ್ತಾರೆ. ನದಿಯ ಹರಿವಿನ ನಡುವೆ ಅಥವಾ ದಂಡೆಯಲ್ಲಿ ಮರಳು, ಹೂಳು ಕೂಡಿ ಎದ್ದ ತಾತ್ಕಾಲಿಕ ದ್ವೀಪ ಚಾಪರಿ.

ಕನ್ನಡದಲ್ಲಿ ಕಾಡೆಮ್ಮೆ, ಕಾಡುಕೋಣ ಎಂದಾಗ ಪಶ್ಚಿಮ ಘಟ್ಟದ ಕಾಟಿಯೇ ಎಲ್ಲರ ಕಣ್ಣಿಗೆ ಬರುತ್ತದೆ. ಕಾಟಿ ದನದ ಸಮೀಪದ ಬಂಧು, ಎಮ್ಮೆಯಲ್ಲ. ಕಾಜಿರಂಗದಲ್ಲಿರುವುದು ಊರಿನ ಎಮ್ಮೆಯ ಮೂಲಪುರುಷನಾದ ನಿಜವಾದ ಕಾಡಿನ ಎಮ್ಮೆ. ಗೊಂದಲ ತಪ್ಪಿಸಲು ಇಲ್ಲಿ ಅದನ್ನು ಕಾಡು ನೀರೆಮ್ಮೆ ಎಂದು ಕರೆಯಲಾಗಿದೆ.

ಭೂರಚನೆ ಮತ್ತು ನದಿಗಳು

ಟಿಬೆಟ್‌ನಲ್ಲಿ ಯಾರ್ಲುಂಗ್ ತ್ಸಾಂಗ್ಪೊ ಎಂಬ ಹೆಸರಿನಿಂದ ಹರಿದು, ಹಿಮಾಲಯದ ಪೂರ್ವ ತುದಿಯನ್ನು ಸುತ್ತಿ ಅಸ್ಸಾಂ ಕಣಿವೆಗೆ ಇಳಿಯುವ ಬ್ರಹ್ಮಪುತ್ರ, ಜಗತ್ತಿನಲ್ಲಿ ಅತಿ ಹೆಚ್ಚು ಹೂಳು ಹೊರುವ ನದಿಗಳಲ್ಲಿ ಒಂದು. ಕಣಿವೆಯಲ್ಲಿ ಅದರ ಇಳಿಜಾರು ಒಮ್ಮೆಲೇ ಕಡಿಮೆಯಾಗುವುದರಿಂದ ಹೊತ್ತ ಹೂಳನ್ನು ದಾರಿಯಲ್ಲೇ ಇಳಿಸುತ್ತದೆ. ಆದ್ದರಿಂದ ನದಿ ಒಂದೇ ಧಾರೆಯಾಗಿ ಹರಿಯದೆ, ಜಡೆಯ ಎಳೆಗಳಂತೆ ಹಲವು ಕವಲಾಗಿ ಬಿಚ್ಚಿ ಮತ್ತೆ ಕೂಡುತ್ತದೆ. 1950ರ ಆಗಸ್ಟ್ 15ರಂದು ಸಂಭವಿಸಿದ ಅಸ್ಸಾಂ ಭೂಕಂಪದಲ್ಲಿ ಮೇಲಿನ ಗುಡ್ಡಗಳು ಭಾರಿ ಪ್ರಮಾಣದಲ್ಲಿ ಕುಸಿದವು. ಆ ಮಣ್ಣೆಲ್ಲ ಮುಂದಿನ ವರ್ಷಗಳಲ್ಲಿ ಕೆಳಗಿಳಿದು ನದಿಯ ತಳವನ್ನು ಎತ್ತರಿಸಿತು. ತಳ ಮೇಲೆದ್ದ ನದಿ ಅಕ್ಕಪಕ್ಕಕ್ಕೆ ಹರಡುವುದೂ ದಂಡೆ ಕೊರೆಯುವುದೂ ಹೆಚ್ಚಾಯಿತು.

ಕಾಜಿರಂಗದ ಮೂಲ ಉದ್ಯಾನ ಪೂರ್ವ-ಪಶ್ಚಿಮವಾಗಿ ಸುಮಾರು 40 ಕಿಲೋಮೀಟರ್ ಉದ್ದ, ಹೆಚ್ಚೆಂದರೆ 13 ಕಿಲೋಮೀಟರ್ ಅಗಲವಿದೆ. ಸಮುದ್ರಮಟ್ಟದಿಂದ ಇದರ ಎತ್ತರ 40ರಿಂದ 80 ಮೀಟರ್. ಉತ್ತರದಲ್ಲಿ ಬ್ರಹ್ಮಪುತ್ರವೇ ಗಡಿ. ದಕ್ಷಿಣದ ಅಂಚಿನಲ್ಲಿ ಮೋರಾ ಡಿಫ್ಲು ಹರಿಯುತ್ತದೆ. ಉದ್ಯಾನದ ಒಳಗೆ ಡಿಫ್ಲು, ಪೂರ್ವದ ಕಡೆ ಮೋರಾ ಧನಸಿರಿ. ಅಸ್ಸಾಮಿಯಲ್ಲಿ ಮೋರಾ ಎಂದರೆ ಸತ್ತ ಎಂದರ್ಥ. ಮುಖ್ಯ ಹರಿವು ಬೇರೆ ಕಡೆ ತಿರುಗಿದ ಮೇಲೆ ಉಳಿದ ಹಳೆಯ ಪಾತ್ರಕ್ಕೆ ಈ ಹೆಸರು ಸಲ್ಲುತ್ತದೆ. ಬಯಲಿನ ತುಂಬ ಚದುರಿರುವ ಬೀಲ್‌ಗಳು ಇಂಥ ಹಳೆಯ ಹರಿವುಗಳ ಗುರುತುಗಳೇ. ಮೇಲಿನಿಂದ ನೋಡಿದರೆ ಬಿಲ್ಲಿನಂತೆ, ಕುದುರೆ ಲಾಳದಂತೆ ಬಾಗಿದ ಅವುಗಳ ಆಕಾರದಲ್ಲಿ ನದಿ ಹಿಂದೆ ಎಲ್ಲೆಲ್ಲಿ ಹರಿದಿತ್ತೆಂಬುದನ್ನು ಓದಬಹುದು.

ಬಯಲಿನ ದಕ್ಷಿಣಕ್ಕೆ ರಾಷ್ಟ್ರೀಯ ಹೆದ್ದಾರಿ, ಅದರ ಆಚೆ ಹಿಂದೆ ಮಿಕಿರ್ ಗುಡ್ಡಗಳೆಂದು ಕರೆಯುತ್ತಿದ್ದ ಕಾರ್ಬಿ ಆಂಗ್ಲಾಂಗ್. ಈ ಗುಡ್ಡಗಳು ಉದ್ಯಾನದ ಗಡಿಯ ಹೊರಗಿದ್ದರೂ ನೆರೆಬಯಲಿನ ಜೀವವ್ಯವಸ್ಥೆಯಿಂದ ಅವನ್ನು ಬೇರ್ಪಡಿಸಲಾಗದು. ನೀರು ಏರಿದಾಗ ಬಯಲಿನ ಪ್ರಾಣಿಗಳು ಹೋಗುವುದು ಅಲ್ಲಿಗೇ.

ಋತುಚಕ್ರ

ವಾರ್ಷಿಕ ಮಳೆ ಸುಮಾರು 2,200 ಮಿಲಿಮೀಟರ್. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬ್ರಹ್ಮಪುತ್ರ ಉಬ್ಬಿದಾಗ ಒಳಗಿನ ಹೊಳೆಗಳ ನೀರು ಹೊರಹೋಗಲು ಜಾಗವಿಲ್ಲದೆ ಹಿಂದಕ್ಕೆ ಒತ್ತುತ್ತದೆ. ದಂಡೆ ಮೀರಿ ಬಂದ ನೀರೂ ಸೇರಿ ಬಯಲಿನ ದೊಡ್ಡ ಭಾಗ ಮುಳುಗುತ್ತದೆ. ಕೆಲವು ವರ್ಷ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೆಲ ನೀರಿನಡಿ ಇರುತ್ತದೆ. ಅಕ್ಟೋಬರ್ ಹೊತ್ತಿಗೆ ನೀರು ಇಳಿದು, ಹಾಸಿದ ಹೊಸ ಹೂಳಿನಲ್ಲಿ ಹುಲ್ಲು ಚಿಗುರುತ್ತದೆ. ನವೆಂಬರ್‌ನಿಂದ ಜನವರಿವರೆಗಿನ ಚಳಿಗಾಲದಲ್ಲಿ ಬೀಲ್‌ಗಳು ಕುಗ್ಗಿ ವಲಸೆ ಹಕ್ಕಿಗಳಿಂದ ತುಂಬುತ್ತವೆ. ಫೆಬ್ರವರಿಯಿಂದ ಏಪ್ರಿಲ್ ಒಣ ಕಾಲ. ಆಗ ಉಳಿದ ನೀರಿನ ಸುತ್ತ ಪ್ರಾಣಿಗಳು ಕೂಡುತ್ತವೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಉದ್ಯಾನ ಸಾಮಾನ್ಯವಾಗಿ ಪ್ರವಾಸಿಗರಿಗೆ ಮುಚ್ಚಿರುತ್ತದೆ.

ಸಸ್ಯವರ್ಗ ಮತ್ತು ಆವಾಸಗಳು

1986ರ ಉಪಗ್ರಹ ಸಮೀಕ್ಷೆಯೊಂದರ ಪ್ರಕಾರ ಉದ್ಯಾನದ ಶೇ. 41ರಷ್ಟು ಎತ್ತರದ ಹುಲ್ಲು, ಶೇ. 11ರಷ್ಟು ಗಿಡ್ಡ ಹುಲ್ಲು, ಶೇ. 29ರಷ್ಟು ವಿರಳ ಮರಗಳ ಕಾಡು, ಶೇ. 4ರಷ್ಟು ಜೌಗು, ಶೇ. 8ರಷ್ಟು ನದಿ ಮತ್ತಿತರ ಜಲಪ್ರದೇಶ, ಶೇ. 6ರಷ್ಟು ಮರಳು. ಈ ಪ್ರಮಾಣಗಳು ಸ್ಥಿರವಲ್ಲ. ನದಿ ದಂಡೆ ತಿಂದಂತೆ, ಚಾಪರಿ ಕಟ್ಟಿದಂತೆ, ಬೀಲ್ ಹೂಳು ತುಂಬಿದಂತೆ ಬದಲಾಗುತ್ತಲೇ ಇರುತ್ತವೆ.

ಎತ್ತರದ ಹುಲ್ಲು ಕಾಜಿರಂಗದ ಮುಖ್ಯ ಲಕ್ಷಣ. ಕಬ್ಬಿನ ಕುಲಕ್ಕೆ ಸೇರಿದ ಹಲವು ಹುಲ್ಲುಗಳು, ಲಾಳದ ಕಡ್ಡಿ ಮತ್ತು ಜೊಂಡು ಇಲ್ಲಿ ಒತ್ತಾಗಿ ಬೆಳೆದು ಆನೆಯನ್ನೂ ಮರೆಮಾಡುತ್ತವೆ. ಹೊರಗಿನಿಂದ ಹಸಿರು ಗೋಡೆಯಂತೆ ಕಾಣುವ ಈ ಹುಲ್ಲಿನ ಬುಡದಲ್ಲಿ ಘೇಂಡಾಮೃಗಗಳು ಓಡಾಡಿ ಮಾಡಿದ ಸುರಂಗದಂಥ ಹಾದಿಗಳಿರುತ್ತವೆ. ಹಂದಿಜಿಂಕೆ, ಕಾಡುಹಂದಿ, ಹುಲಿ ಎಲ್ಲವೂ ಅದೇ ಹಾದಿ ಹಿಡಿಯುತ್ತವೆ. ಗಿಡ್ಡ ಹುಲ್ಲು ಬೀಲ್‌ಗಳ ಅಂಚಿನಲ್ಲಿದೆ. ಮೇಯುವ ಪ್ರಾಣಿಗಳು ನಿರಂತರವಾಗಿ ಕತ್ತರಿಸುವುದರಿಂದ ಅದು ಗಿಡ್ಡವಾಗಿಯೇ ಉಳಿಯುತ್ತದೆ.

ಸ್ವಲ್ಪ ಎತ್ತರದ ನೆಲದಲ್ಲಿ ಮರಗಳು ಬೇರೂರಿವೆ. ಕೆಂಪು ಬೂರುಗ, ಹೊಳೆದಾಸವಾಳ, ಬಿಳಿ ಬಾಗೆಯ ಜಾತಿಯ ಮರಗಳು, ಆಲ-ಅತ್ತಿಯ ಬಂಧುಗಳು ಇಲ್ಲಿ ಸಾಮಾನ್ಯ. ಅಸ್ಸಾಮಿಗರು ಔ ಟೆಂಗಾ ಎಂದು ಕರೆಯುವ ಹುಳಿಹಣ್ಣಿನ ಮರವೂ ಇದೆ. ಮೀನಿನ ಸಾರಿಗೆ ಹುಳಿಗಾಗಿ ಹಾಕುವ ಅದರ ಕಾಯಿ ಆನೆಗಳಿಗೂ ಪ್ರಿಯ. ತಿಂದ ಆನೆ ಲದ್ದಿಯ ಮೂಲಕ ಬೀಜವನ್ನು ದೂರಕ್ಕೆ ಒಯ್ಯುತ್ತದೆ. ಗುಡ್ಡದ ಬದಿಯ ಪಾನ್‌ಬಾರಿ, ಕಾಂಚನ್‌ಜುರಿ ಮುಂತಾದ ಕಡೆ ನಿತ್ಯಹರಿದ್ವರ್ಣ ಮತ್ತು ಅರೆ ನಿತ್ಯಹರಿದ್ವರ್ಣ ಕಾಡು ಉಂಟು.

ಹುಲ್ಲುಗಾವಲು ಹುಲ್ಲುಗಾವಲಾಗಿಯೇ ಉಳಿಯಲು ನೀರು, ಮೇವು, ಬೆಂಕಿ ಮೂರೂ ಬೇಕು. ಇವು ಕೈಬಿಟ್ಟರೆ ಕೆಲವು ವರ್ಷಗಳಲ್ಲಿ ಮರಗಿಡಗಳು ನುಗ್ಗಿ ಬಯಲು ಕಾಡಾಗುತ್ತದೆ, ಹುಲ್ಲನ್ನೇ ನಂಬಿದ ಪ್ರಾಣಿಗಳಿಗೆ ನೆಲೆ ತಪ್ಪುತ್ತದೆ. ಅದಕ್ಕಾಗಿ ಅರಣ್ಯ ಇಲಾಖೆ ಒಣಗಿದ ಹುಲ್ಲನ್ನು ಜನವರಿಯಿಂದ ಮಾರ್ಚ್‌ವರೆಗೆ ತುಂಡು ತುಂಡಾಗಿ ಸುಡುತ್ತದೆ. ಸುಟ್ಟ ನೆಲದಲ್ಲಿ ಕೆಲವೇ ದಿನಗಳಲ್ಲಿ ಏಳುವ ಎಳೆ ಚಿಗುರಿಗೆ ಜಿಂಕೆಗಳೂ ಘೇಂಡಾಮೃಗಗಳೂ ಬರುತ್ತವೆ. ಕಾಡಿಗೆ ಬೆಂಕಿ ಬಿದ್ದರೆ ಅನಾಹುತ ಎಂದೇ ಭಾವಿಸುವ ಮಲೆನಾಡಿನ ಅನುಭವ ಇಲ್ಲಿಗೆ ಹೊಂದುವುದಿಲ್ಲ.

ಹೊರಗಿನಿಂದ ಬಂದ ಕಳೆಗಳು ಈ ಆವಾಸಕ್ಕೆ ತೊಡಕಾಗಿವೆ. ಬೀಲ್‌ಗಳನ್ನು ವಾಟರ್ ಹಯಸಿಂತ್ ಮುಚ್ಚುತ್ತದೆ. ಮುಟ್ಟಿದರೆ ಮುನಿಯ ಜಾತಿಗೆ ಸೇರಿದ ಮುಳ್ಳಿನ ಮೈಮೋಸಾ ಬಳ್ಳಿ ಚಹಾ ತೋಟಗಳಲ್ಲಿ ಮಣ್ಣಿಗೆ ಸಾರಜನಕ ಒದಗಿಸಲೆಂದು ತಂದದ್ದು. ಅಲ್ಲಿಂದ ಉದ್ಯಾನಕ್ಕೆ ಹಬ್ಬಿತು. ಅದು ಹುಲ್ಲಿನ ಮೇಲೆ ಹರಡಿ ಉಸಿರುಗಟ್ಟಿಸುವುದಲ್ಲದೆ ಮೇಯುವ ಪ್ರಾಣಿಗಳಿಗೆ ವಿಷವೂ ಹೌದು. ಬೀಜ ಕಟ್ಟುವ ಮೊದಲೇ ಕಿತ್ತುಹಾಕುವ ಕೆಲಸ ನಡೆಯುತ್ತ ಬಂದಿದೆ.

ಸಸ್ತನಿಗಳು

ಘೇಂಡಾಮೃಗ, ಆನೆ, ಕಾಡು ನೀರೆಮ್ಮೆ, ಬಾರಾಸಿಂಗಾ ಮತ್ತು ಹುಲಿ ಈ ಐದನ್ನು ಕಾಜಿರಂಗದ ಮುಖ್ಯ ಪ್ರಾಣಿಗಳೆಂದು ಪರಿಗಣಿಸಲಾಗಿದೆ.

ಒಂಟಿಕೊಂಬಿನ ಘೇಂಡಾಮೃಗ ನೆರೆಬಯಲಿಗೇ ಹುಟ್ಟಿದ ಪ್ರಾಣಿಯೆನ್ನಬಹುದು. ಬೆಳೆದ ಗಂಡು 2,000 ಕಿಲೋಗ್ರಾಂ ಮೀರಿ ತೂಗುತ್ತದೆ. ಕವಚದಂತೆ ಕಾಣುವ ಚರ್ಮದ ಮಡಿಕೆಗಳಿದ್ದರೂ ಬಿಸಿಲಿನ ತಾಪ ಕಳೆಯಲು ದಿನದ ಬಹುಹೊತ್ತು ಕೆಸರು ನೀರಿನಲ್ಲಿ ಬಿದ್ದಿರುತ್ತದೆ. ಚೆನ್ನಾಗಿ ಈಜುತ್ತದೆ. ಮೇಲ್ದುಟಿಯ ತುದಿಯನ್ನು ಚಾಚಿ ಎತ್ತರದ ಹುಲ್ಲನ್ನು ಸುತ್ತಿ ಎಳೆಯುತ್ತದೆ. ಗಿಡ್ಡ ಹುಲ್ಲು ಮೇಯುವಾಗ ಅದೇ ತುದಿಯನ್ನು ಒಳಕ್ಕೆ ಮಡಚಿಕೊಳ್ಳುತ್ತದೆ. ಕೊಂಬು ಮೂಳೆಯದಲ್ಲ, ನಮ್ಮ ಉಗುರು-ಕೂದಲುಗಳಲ್ಲಿರುವ ಕೆರಾಟಿನ್‌ನದು. ಕಾದಾಟದಲ್ಲಿ ಹೆಚ್ಚು ಬಳಕೆಯಾಗುವುದು ಕೊಂಬಲ್ಲ, ಕೆಳದವಡೆಯ ಚೂಪಾದ ಬಾಚಿಹಲ್ಲು. ಗರ್ಭಾವಧಿ ಸುಮಾರು 16 ತಿಂಗಳು, ಒಮ್ಮೆಗೆ ಒಂದೇ ಮರಿ. ಒಂದು ಮರಿಗೂ ಇನ್ನೊಂದಕ್ಕೂ ಸುಮಾರು ಮೂರು ವರ್ಷದ ಅಂತರ ಇರುವುದರಿಂದ ಕುಸಿದ ಸಂಖ್ಯೆ ಬೇಗ ಚೇತರಿಸಿಕೊಳ್ಳುವುದಿಲ್ಲ.

ಘೇಂಡಾಮೃಗಗಳು ಹಲವು ಸೇರಿ ಒಂದೇ ಜಾಗದಲ್ಲಿ ಲದ್ದಿ ಹಾಕುತ್ತವೆ. ತಿಂಗಳುಗಟ್ಟಲೆ ಬೆಳೆದ ಈ ಗುಪ್ಪೆಗಳು ಅವುಗಳ ನಡುವೆ ವಾಸನೆಯ ಮೂಲಕ ಸುದ್ದಿ ಮುಟ್ಟಿಸುವ ತಾಣಗಳು. ಹಳೆಯ ಗುಪ್ಪೆಯ ಅಂಚಿನಲ್ಲಿ ತಿಂದ ಹಣ್ಣುಗಳ ಬೀಜ ಮೊಳೆತು ಸಸಿಗಳು ನಿಂತಿರುವುದನ್ನು ಕಾಣಬಹುದು. ಪ್ರಾಣಿ ಅದೇ ಜಾಗಕ್ಕೆ ಮರಳಿ ಬರುವುದು ಖಚಿತವಾದ್ದರಿಂದ ಕಳ್ಳಬೇಟೆಗಾರರು ಹೊಂಚು ಹಾಕಿದ್ದೂ ಇಲ್ಲಿಯೇ.

1966ರ ಗಣತಿಯಲ್ಲಿ 366 ಇದ್ದ ಘೇಂಡಾಮೃಗಗಳ ಸಂಖ್ಯೆ 1984ರಲ್ಲಿ 1,080, 1999ರಲ್ಲಿ 1,552, 2009ರಲ್ಲಿ 2,048 ಆಯಿತು. 2018ರಲ್ಲಿ 2,413, 2022ರಲ್ಲಿ 2,613. ಭಾರತ ಮತ್ತು ನೇಪಾಳಗಳಲ್ಲಿ ಉಳಿದಿರುವ ಈ ಪ್ರಭೇದದ ಒಟ್ಟು ಸಂಖ್ಯೆ ಸುಮಾರು ನಾಲ್ಕು ಸಾವಿರ. ಅರ್ಧಕ್ಕಿಂತ ಹೆಚ್ಚು ಈ ಒಂದೇ ಬಯಲಿನಲ್ಲಿವೆ. ಇದು ಹೆಮ್ಮೆಯ ಸಂಗತಿಯಾದಷ್ಟೇ ಅಪಾಯದ ಸಂಗತಿಯೂ ಹೌದು. ಒಂದು ಸಾಂಕ್ರಾಮಿಕ ರೋಗ ಅಥವಾ ಒಂದು ಮಹಾಪೂರ ಇಡೀ ಪ್ರಭೇದಕ್ಕೆ ಪೆಟ್ಟು ಕೊಡಬಲ್ಲದು. ಈ ಕಾರಣದಿಂದ 2005ರಲ್ಲಿ ಆರಂಭವಾದ ಇಂಡಿಯನ್ ರೈನೋ ವಿಷನ್ 2020 ಯೋಜನೆಯಡಿ ಕಾಜಿರಂಗದಿಂದಲೂ ಪೋಬಿತೊರಾ ವನ್ಯಜೀವಿ ಧಾಮದಿಂದಲೂ ಘೇಂಡಾಮೃಗಗಳನ್ನು ಮಾನಸ್ ರಾಷ್ಟ್ರೀಯ ಉದ್ಯಾನಕ್ಕೆ ಸಾಗಿಸಲಾಯಿತು. ಮಾನಸ್‌ನಲ್ಲಿದ್ದ ಮೂಲ ಸಂತತಿ 1990ರ ದಶಕದ ಬೇಟೆಗೆ ಅಳಿದುಹೋಗಿತ್ತು.

ಕಾಡು ನೀರೆಮ್ಮೆಗಳ ಜಾಗತಿಕ ಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಕಾಜಿರಂಗದಲ್ಲಿದೆ. ಹಿಂದಕ್ಕೆ ಬಾಗಿ ಅರ್ಧಚಂದ್ರದಂತೆ ಹರಡಿದ ಇದರ ಕೊಂಬುಗಳು ಜೀವಂತ ದನ-ಎಮ್ಮೆ ಕುಲದಲ್ಲೇ ಅತಿ ಅಗಲವಾದವು. ಚಾಪರಿಗಳಲ್ಲಿ ದನಗಾಹಿಗಳು ಕಟ್ಟುವ ಖುಟಿ ಎಂಬ ಕೊಟ್ಟಿಗೆಗಳ ಸಾಕಿದ ಎಮ್ಮೆಗಳೊಡನೆ ಇವು ಕೂಡುವುದುಂಟು. ಅದರಿಂದ ಕಾಡು ತಳಿಯ ಶುದ್ಧತೆ ಕೆಡುತ್ತದೆ, ಊರಿನ ದನಕರುಗಳ ರೋಗವೂ ಕಾಡಿಗೆ ದಾಟುತ್ತದೆ.

ಬಾರಾಸಿಂಗಾ ಅಥವಾ ಜೌಗು ಜಿಂಕೆಯ ಪೂರ್ವದ ಉಪಪ್ರಭೇದ ಬಹುಕಾಲ ಕಾಜಿರಂಗದಲ್ಲಿ ಮಾತ್ರ ಉಳಿದಿತ್ತು. ವನ್ಯಜೀವಿ ತಜ್ಞ ಎಂ.ಕೆ. ರಂಜಿತ್‌ಸಿನ್ಹ್ ಅವರ ಹೆಸರನ್ನು ಇದಕ್ಕೆ ಇಡಲಾಗಿದೆ. ಮಧ್ಯಪ್ರದೇಶದ ಕಾನ್ಹಾದ ಬಾರಾಸಿಂಗಾ ಗಟ್ಟಿ ನೆಲಕ್ಕೆ ಒಗ್ಗಿದ್ದರೆ ಇದು ತೇವದ ಹುಲ್ಲುಗಾವಲನ್ನು ಬಿಟ್ಟಿರದು. 2014ರಲ್ಲಿ 19 ಪ್ರಾಣಿಗಳ ಮೊದಲ ತಂಡವನ್ನು ಮಾನಸ್‌ಗೆ ಒಯ್ದು ಎರಡನೆಯ ನೆಲೆಯನ್ನು ಕಟ್ಟಲಾಯಿತು.

ಹುಲಿಗೆ ಇಲ್ಲಿ ಆಹಾರ ಹೇರಳ: ಹಂದಿಜಿಂಕೆ, ಕಾಡುಹಂದಿ, ಬಾರಾಸಿಂಗಾ, ಎಮ್ಮೆಯ ಮತ್ತು ಘೇಂಡಾಮೃಗದ ಮರಿಗಳು. 1990ರ ದಶಕದಲ್ಲಿ ಕನ್ನಡಿಗ ವಿಜ್ಞಾನಿ ಕೆ. ಉಲ್ಲಾಸ ಕಾರಂತ ಅವರು ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಸೆರೆಯಾದ ಪಟ್ಟೆಗಳ ಗುರುತಿನಿಂದ ಹುಲಿಗಳನ್ನು ಎಣಿಸುವ ವಿಧಾನವನ್ನು ನಾಗರಹೊಳೆಯ ಜೊತೆಗೆ ಕಾಜಿರಂಗದಲ್ಲೂ ಪ್ರಯೋಗಿಸಿದರು. ಆಗ ಕಾಜಿರಂಗದ ಸಾಂದ್ರತೆ 100 ಚದರ ಕಿಲೋಮೀಟರಿಗೆ ಸುಮಾರು 16.8, ನಾಗರಹೊಳೆಯದು ಸುಮಾರು 11.5 ಎಂದು ಕಂಡುಬಂತು. 2022ರ ಅಖಿಲ ಭಾರತ ಹುಲಿ ಅಂದಾಜಿನಲ್ಲಿ ಕಾಜಿರಂಗಕ್ಕೆ 104 ಹುಲಿಗಳು ದಾಖಲಾದವು. ಅದೇ ಅಂದಾಜಿನಲ್ಲಿ ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141.

ಆನೆಗಳು ಬಯಲು ಮತ್ತು ಗುಡ್ಡಗಳ ನಡುವೆ ಋತುವಿಗೆ ತಕ್ಕಂತೆ ಓಡಾಡುತ್ತವೆ. ಕಡವೆ, ಕಾಡುಕುರಿ, ಕಾಟಿ, ಕರಡಿ, ಚಿರತೆ, ನೀರುನಾಯಿಗಳೂ ಇವೆ. ಪಾನ್‌ಬಾರಿ ಕಾಡಿನಲ್ಲಿ ವಾನರ ಜಾತಿಗೆ ಸೇರಿದ ಹೂಲಾಕ್ ಗಿಬ್ಬನ್ ವಾಸಿಸುತ್ತದೆ. ಬಾಲವಿಲ್ಲದ, ಮರದಿಂದ ಮರಕ್ಕೆ ತೋಳಿನಲ್ಲೇ ಜೋತು ಸಾಗುವ ಈ ಪ್ರಾಣಿಗೆ ಕೊಂಬೆಗಳ ಛಾವಣಿ ಮುರಿಯದಂತಿರಬೇಕು. ಬ್ರಹ್ಮಪುತ್ರದ ಹರಿವಿನಲ್ಲಿ, ಭಾರತದ ರಾಷ್ಟ್ರೀಯ ಜಲಚರವೆಂದು 2009ರಲ್ಲಿ ಆಯ್ಕೆಯಾದ ಗಂಗಾ ಡಾಲ್ಫಿನ್ ಕಾಣಸಿಗುತ್ತದೆ.

ಹಕ್ಕಿಗಳು ಮತ್ತು ಇತರ ಜೀವಿಗಳು

ನಾನೂರಕ್ಕೂ ಹೆಚ್ಚು ಹಕ್ಕಿ ಪ್ರಭೇದಗಳು ಇಲ್ಲಿ ದಾಖಲಾಗಿವೆ. ಕನ್ನಡಿಗರಿಗೆ ಪರಿಚಯದ ಮುಖಗಳೂ ಉಂಟು. ಕೊಕ್ಕರೆ ಬೆಳ್ಳೂರಿನ ಹುಣಸೆಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆ ಕಾಜಿರಂಗದ ಎತ್ತರದ ಮರಗಳಲ್ಲೂ ಸಂಸಾರ ಹೂಡುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಇಳಿಯುವ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಇಲ್ಲಿನ ಬೀಲ್‌ಗಳಿಗೂ ಬರುತ್ತದೆ. ಬೆಂಗಾಲ್ ಫ್ಲೋರಿಕನ್ ಎಂಬ ಹುಲ್ಲುಗಾವಲಿನ ಹಕ್ಕಿ ಅಳಿವಿನಂಚಿಗೆ ಬಂದು ನಿಂತಿದೆ. ಗಂಡು ಹಕ್ಕಿ ಗಿಡ್ಡ ಹುಲ್ಲಿನ ನಡುವಿನಿಂದ ಮೇಲಕ್ಕೆ ನೆಗೆದು ಹಾರಿ ಹೆಣ್ಣನ್ನು ಕರೆಯುತ್ತದೆ. ಹುಲ್ಲು ಅತಿಯಾಗಿ ಬೆಳೆದರೆ ಈ ಪ್ರದರ್ಶನಕ್ಕೆ ಜಾಗವಿಲ್ಲ. ಅಸ್ಸಾಮಿಯಲ್ಲಿ ಹರ್ಗಿಲಾ ಎಂದು ಕರೆಯುವ ದೊಡ್ಡ ಕೊಕ್ಕರೆ, ಮೀನು ತಿನ್ನುವ ಪಲ್ಲಾಸ್ ಹದ್ದು, ಜೌಗಿನ ಕೌಜುಗ, ಮಂಗಟ್ಟೆಗಳು ಇತರ ಮುಖ್ಯ ಹಕ್ಕಿಗಳು. ರಣಹದ್ದುಗಳು ದೇಶದ ಉಳಿದೆಡೆಯಂತೆ ಇಲ್ಲೂ, ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧದ ಪರಿಣಾಮವಾಗಿ ತೀವ್ರವಾಗಿ ಕುಸಿದವು.

ಹೆಬ್ಬಾವು, ಕಾಳಿಂಗಸರ್ಪ, ಉಡ ಮತ್ತು ಹಲವು ಜಾತಿಯ ಆಮೆಗಳು ಇಲ್ಲಿವೆ. ಬೀಲ್‌ಗಳು ಮೀನಿನ ತೊಟ್ಟಿಲು. ನೆರೆಯ ಕಾಲದಲ್ಲಿ ನದಿಯ ಮೀನುಗಳು ಬೀಲ್‌ಗಳಿಗೆ ಹತ್ತಿ ಬಂದು ಮರಿ ಮಾಡುತ್ತವೆ, ನೀರು ಇಳಿಯುವಾಗ ಮರಿಗಳು ನದಿಗೆ ಸೇರುತ್ತವೆ. ಉದ್ಯಾನದೊಳಗೆ ಮೀನು ಹಿಡಿಯುವುದು ನಿಷಿದ್ಧವಾದರೂ ಹೊರಗಿನ ಮೀನುಗಾರರ ಬಲೆಗೆ ಬೀಳುವ ಮೀನಿನಲ್ಲಿ ಒಂದು ಪಾಲು ಇಲ್ಲಿ ಹುಟ್ಟಿದ್ದು.

ಸಂರಕ್ಷಣೆಯ ಇತಿಹಾಸ

ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಬೇಟೆ ಮತ್ತು ಚಹಾ ತೋಟಗಳ ವಿಸ್ತರಣೆಯಿಂದ ಅಸ್ಸಾಂನ ಘೇಂಡಾಮೃಗ ಬಹುತೇಕ ಮುಗಿದೇಹೋಗಿತ್ತು. ವೈಸರಾಯ್ ಲಾರ್ಡ್ ಕರ್ಜನ್ ಅವರ ಪತ್ನಿ ಮೇರಿ ಕರ್ಜನ್ 1904ರಲ್ಲಿ ಇಲ್ಲಿಗೆ ಬಂದು, ಘೇಂಡಾಮೃಗವನ್ನು ಕಾಣದೆ ಹಿಂದಿರುಗಿ, ಅದರ ರಕ್ಷಣೆಗೆ ಪತಿಯನ್ನು ಒತ್ತಾಯಿಸಿದರೆಂದು ಹೇಳಲಾಗುತ್ತದೆ. 1905ರ ಜೂನ್ 1ರಂದು 232 ಚದರ ಕಿಲೋಮೀಟರ್ ಪ್ರದೇಶವನ್ನು ಮೀಸಲು ಅರಣ್ಯವಾಗಿಸುವ ಪ್ರಸ್ತಾವ ಹೊರಟಿತು. 1908ರಲ್ಲಿ ಅದು ಮೀಸಲು ಅರಣ್ಯವಾಯಿತು, 1916ರಲ್ಲಿ ಬೇಟೆ ಪ್ರಾಣಿಗಳ ಧಾಮವಾಯಿತು. 1938ರಲ್ಲಿ ಸಂದರ್ಶಕರಿಗೆ ತೆರೆಯಿತು. 1950ರಲ್ಲಿ ಅರಣ್ಯಾಧಿಕಾರಿ ಪಿ.ಡಿ. ಸ್ಟ್ರೇಸಿ ಅದರ ಹೆಸರಿನಿಂದ ಬೇಟೆಯ ಸೂಚನೆಯನ್ನು ತೆಗೆದು ವನ್ಯಜೀವಿ ಧಾಮವೆಂದು ಬದಲಿಸಿದರು. ಚಹಾ ತೋಟದ ಅಧಿಕಾರಿಯೂ ನಿಸರ್ಗತಜ್ಞರೂ ಆಗಿದ್ದ ಇ.ಪಿ. ಗೀ ಅವರ ಬರಹ ಮತ್ತು ಛಾಯಾಚಿತ್ರಗಳು ಈ ಬಯಲನ್ನು ಹೊರಜಗತ್ತಿಗೆ ಪರಿಚಯಿಸಿದವು.

1954ರಲ್ಲಿ ಅಸ್ಸಾಂ ಸರ್ಕಾರ ಘೇಂಡಾಮೃಗಕ್ಕೆಂದೇ ಪ್ರತ್ಯೇಕ ಕಾನೂನು ತಂದಿತು. 1968ರ ರಾಜ್ಯ ಕಾಯಿದೆಯ ಆಧಾರದ ಮೇಲೆ 1974ರ ಫೆಬ್ರವರಿ 11ರಂದು 430 ಚದರ ಕಿಲೋಮೀಟರ್ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಕಾಜಿರಂಗ, ಮಾನಸ್ ಮತ್ತು ರಾಜಸ್ಥಾನದ ಕೇವಲಾದೇವ್ ಮೂರೂ 1985ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬಳಿಕ ಹಂತಹಂತವಾಗಿ ಸೇರ್ಪಡೆಗಳಾದವು. ಅವುಗಳಲ್ಲಿ ದೊಡ್ಡದು ಆರನೆಯದು: ಬ್ರಹ್ಮಪುತ್ರದ ಪಾತ್ರ ಮತ್ತು ಚಾಪರಿಗಳನ್ನು ಒಳಗೊಂಡ ಸುಮಾರು 376 ಚದರ ಕಿಲೋಮೀಟರ್. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಸುಮಾರು 625 ಚದರ ಕಿಲೋಮೀಟರ್ ಒಳವಲಯ, 548 ಚದರ ಕಿಲೋಮೀಟರ್ ಹೊರವಲಯ. ಪಶ್ಚಿಮದ ಲಾಓಖೋವಾ ಮತ್ತು ಬುಢಾಚಾಪರಿ ವನ್ಯಜೀವಿ ಧಾಮಗಳೂ ಇದರ ಭಾಗ.

ಪ್ರವಾಹ ಮತ್ತು ಗುಡ್ಡದ ದಾರಿ

ಪ್ರವಾಹದ ಸುದ್ದಿ ಪ್ರತಿ ವರ್ಷ ಸತ್ತ ಪ್ರಾಣಿಗಳ ಲೆಕ್ಕದೊಡನೆ ಬರುತ್ತದೆ. 2017ರಲ್ಲಿ 350ಕ್ಕೂ ಹೆಚ್ಚು ಪ್ರಾಣಿಗಳು ಸತ್ತವು. 1988 ಮತ್ತು 1998ರ ನೆರೆಗಳು ಇನ್ನೂ ಭೀಕರವಾಗಿದ್ದವು. ಆದರೆ ನೆರೆ ನಿಂತರೆ ಕಾಜಿರಂಗವೂ ನಿಲ್ಲುತ್ತದೆ. ಹೊಸ ಮೆಕ್ಕಲು ಹಾಸಿ ಹುಲ್ಲಿಗೆ ಸತ್ವ ಕೊಡುವುದು, ಬೀಲ್‌ಗಳನ್ನು ತುಂಬಿಸಿ ಮೀನು ತರುವುದು, ದಟ್ಟೈಸಿದ ವಾಟರ್ ಹಯಸಿಂತನ್ನು ಕೊಚ್ಚಿ ಹೊರಹಾಕುವುದು, ಮರಗಳ ದಾಳಿಯನ್ನು ತಡೆಯುವುದು ನೆರೆಯೇ. ಪ್ರಾಣಿಗಳ ಸಾವಿಗೆ ಕಾರಣ ನೀರು ಬರುವುದಕ್ಕಿಂತ ಹೆಚ್ಚಾಗಿ, ನೀರು ಬಂದಾಗ ಹೋಗುವ ದಾರಿ ಕಟ್ಟಿಕೊಂಡಿರುವುದು.

ನೀರು ಏರತೊಡಗಿದಾಗ ಪ್ರಾಣಿಗಳು ಮೊದಲು ಬಯಲಿನ ಎತ್ತರದ ತುಂಡುಗಳಿಗೆ ಸರಿಯುತ್ತವೆ. ಅಲ್ಲಿಗೂ ನೀರು ಬಂದರೆ ದಕ್ಷಿಣಕ್ಕೆ ತಿರುಗಿ, ಹೆದ್ದಾರಿ ದಾಟಿ, ಕಾರ್ಬಿ ಗುಡ್ಡ ಹತ್ತುತ್ತವೆ. ಪಾನ್‌ಬಾರಿ, ಹಲ್ದಿಬಾರಿ, ಕಾಂಚನ್‌ಜುರಿ ಸೇರಿ ಇಂಥ ಒಂಬತ್ತು ದಾರಿಗಳನ್ನು ಗುರುತಿಸಲಾಗಿದೆ. ಹೆದ್ದಾರಿಯುದ್ದಕ್ಕೂ ಈಗ ಅಂಗಡಿ, ಹೋಟೆಲು, ಚಹಾ ತೋಟ, ಗೋಡೆಗಳಿವೆ. ನೆರೆಯ ದಿನಗಳಲ್ಲಿ ಹಂದಿಜಿಂಕೆಗಳು ಗುಂಪುಗುಂಪಾಗಿ ಬಂದು ಟಾರು ರಸ್ತೆಯ ಅಂಚಿನಲ್ಲಿ ಒದ್ದೆ ಮೈಯಲ್ಲಿ ನಿಲ್ಲುತ್ತವೆ. ಲಾರಿಗಳ ಸಾಲಿನ ನಡುವೆ ಬಿಡುವು ಸಿಗದೆ ಹಿಂದಕ್ಕೆ ನೀರಿಗೇ ಇಳಿಯುವುದೂ ಉಂಟು. ವಾಹನಗಳ ವೇಗವನ್ನು ಗಂಟೆಗೆ 40 ಕಿಲೋಮೀಟರಿಗೆ ಮಿತಿಗೊಳಿಸಿ, ಗೇಟುಗಳಲ್ಲಿ ಸಮಯ ಬರೆದ ಚೀಟಿ ಕೊಟ್ಟು, ಬೇಗ ತಲುಪಿದವರಿಗೆ ದಂಡ ಹಾಕುವ ಪದ್ಧತಿ ಜಾರಿಯಲ್ಲಿದೆ.

ಬಯಲಿನೊಳಗೆ ಆಸರೆಗಾಗಿ ಮಣ್ಣಿನ ದಿಬ್ಬಗಳನ್ನು ಕಟ್ಟಲಾಗಿದೆ. 1990ರ ದಶಕದಲ್ಲಿ 111 ದಿಬ್ಬಗಳು, ಎರಡು ದಶಕದ ನಂತರ ಇನ್ನಷ್ಟು ಎತ್ತರ-ವಿಸ್ತಾರದ 33 ದಿಬ್ಬಗಳು ಎದ್ದವು. ಪೂರ ಬಂದಾಗ ಒಂದೇ ದಿಬ್ಬದ ಮೇಲೆ ಘೇಂಡಾಮೃಗ, ಎಮ್ಮೆ, ಜಿಂಕೆಗಳು ಒತ್ತೊತ್ತಾಗಿ ನಿಂತಿರುತ್ತವೆ. ದಿಬ್ಬಗಳು ಜೀವ ಉಳಿಸುವುದು ನಿಜ. ಆದರೆ ಅಲ್ಲಿ ಮೇವಿಲ್ಲ. ವಾರಗಟ್ಟಲೆ ನೀರು ನಿಂತರೆ ಅವು ಗುಡ್ಡಕ್ಕೆ ಬದಲಿಯಾಗಲಾರವು. ತಾಯಿಯಿಂದ ಬೇರಾದ ಮರಿಗಳನ್ನು ಪಾನ್‌ಬಾರಿ ಬಳಿ 2002ರಲ್ಲಿ ಆರಂಭವಾದ ವನ್ಯಜೀವಿ ಪುನರ್ವಸತಿ ಮತ್ತು ಸಂರಕ್ಷಣಾ ಕೇಂದ್ರದಲ್ಲಿ ಸಲಹಿ, ಬೆಳೆದ ಮೇಲೆ ಕಾಡಿಗೆ ಬಿಡುತ್ತಾರೆ.

ಕಳ್ಳಬೇಟೆ ಮತ್ತು ಕಾವಲು

ಕೊಂಬಿಗೆ ಔಷಧ ಗುಣವಿದೆಯೆಂಬ ಪೂರ್ವ ಏಷ್ಯಾದ ನಂಬಿಕೆ ಕಳ್ಳಬೇಟೆಯ ಬೇರು. 1980ರ ದಶಕದಲ್ಲಿ ರಾಜ್ಯದ ಅಶಾಂತಿಯ ನಡುವೆ ಪಕ್ಕದ ಲಾಓಖೋವಾದ ಘೇಂಡಾಮೃಗಗಳು ಪೂರ್ತಿ ನಾಶವಾದವು. 2013-14ರ ಆಸುಪಾಸಿನಲ್ಲಿ ಕಾಜಿರಂಗದಲ್ಲೂ ಬೇಟೆ ಮತ್ತೆ ಏರಿತು. ಬಯಲಿನ ತುಂಬ ಕಳ್ಳಬೇಟೆ ತಡೆ ಶಿಬಿರಗಳಿವೆ. ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಈ ಶಿಬಿರಗಳಲ್ಲಿ ಅರಣ್ಯ ರಕ್ಷಕರು ನೆರೆಯ ವಾರಗಳನ್ನೂ ಕಳೆಯುತ್ತಾರೆ, ಗಸ್ತಿಗೆ ದೋಣಿಯಲ್ಲಿ ಹೋಗುತ್ತಾರೆ. ಕರ್ತವ್ಯದಲ್ಲಿ ಬಂದೂಕು ಬಳಸಿದ ಸಿಬ್ಬಂದಿಗೆ ರಾಜ್ಯ ಸರ್ಕಾರ 2010ರಲ್ಲಿ ಕಾನೂನು ರಕ್ಷಣೆ ನೀಡಿತು. ಇದರ ದುರುಪಯೋಗದ ಬಗ್ಗೆ ಮಾನವ ಹಕ್ಕುಗಳ ದೃಷ್ಟಿಯಿಂದ ಟೀಕೆಗಳು ಬಂದಿವೆ. 2021ರ ಸೆಪ್ಟೆಂಬರ್ 22ರ ವಿಶ್ವ ಘೇಂಡಾಮೃಗ ದಿನದಂದು, ಖಜಾನೆಗಳಲ್ಲಿ ಕೂಡಿಟ್ಟಿದ್ದ 2,479 ಕೊಂಬುಗಳನ್ನು ಉದ್ಯಾನದ ಸಮೀಪದ ಬೋಕಾಖಾತ್ ಪಟ್ಟಣದಲ್ಲಿ ಬಹಿರಂಗವಾಗಿ ಸುಡಲಾಯಿತು. 2022ರಲ್ಲಿ ಅಸ್ಸಾಂನಲ್ಲಿ ಒಂದೂ ಘೇಂಡಾಮೃಗ ಬೇಟೆಗೆ ಬಲಿಯಾಗಲಿಲ್ಲ. ದಶಕಗಳಲ್ಲಿ ಇದೇ ಮೊದಲು.

ಸುತ್ತಲಿನ ಜನ

ಮಿಸಿಂಗ್, ಕಾರ್ಬಿ ಸಮುದಾಯಗಳು, ಚಹಾ ತೋಟದ ಕಾರ್ಮಿಕ ಕುಟುಂಬಗಳು, ಅಸ್ಸಾಮಿ ಮತ್ತು ಬಂಗಾಳಿ ಮಾತಾಡುವ ರೈತರು ಉದ್ಯಾನದ ಸುತ್ತ ನೆಲೆಸಿದ್ದಾರೆ. ಮಿಸಿಂಗರ ಮನೆಗಳು ನೆರೆಯ ಲೆಕ್ಕ ಹಾಕಿಯೇ ಬಿದಿರಿನ ಕಂಬಗಳ ಮೇಲೆ ನಿಂತಿರುತ್ತವೆ. ಪ್ರವಾಸೋದ್ಯಮ ಅನೇಕರಿಗೆ ಜೀಪು ಚಾಲಕ, ಮಾವುತ, ಮಾರ್ಗದರ್ಶಿಯ ಕೆಲಸ ಕೊಟ್ಟಿದೆ. ಕೋಹೋರಾ, ಬಾಗೋರಿ, ಅಗರಾತೋಲಿ ಮತ್ತು ಬುಢಾಪಹಾರ್ ವಲಯಗಳಿಂದ ಸಫಾರಿ ಹೊರಡುತ್ತದೆ. ಇನ್ನೊಂದು ಬದಿಯಲ್ಲಿ ಆನೆ, ಕಾಡುಹಂದಿಗಳು ಭತ್ತದ ಗದ್ದೆ ತುಳಿಯುತ್ತವೆ, ಹುಲಿ ದನ ಹಿಡಿಯುತ್ತದೆ. ಸೇರ್ಪಡೆ ಪ್ರದೇಶಗಳಿಗಾಗಿ ನಡೆದ ತೆರವು ಕಾರ್ಯಾಚರಣೆಗಳು ವಿವಾದಕ್ಕೂ ದುಃಖಕ್ಕೂ ಕಾರಣವಾಗಿವೆ.

ಇಂದಿನ ಸ್ಥಿತಿ

ಬ್ರಹ್ಮಪುತ್ರ ಉದ್ಯಾನದ ಉತ್ತರ ಅಂಚಿನ ನೆಲವನ್ನು ಕೊರೆಯುತ್ತಲೇ ಇದೆ. ಕಳೆದುಹೋದದ್ದಕ್ಕೆ ಬದಲಾಗಿ ನದಿ ಬೇರೆಡೆ ಚಾಪರಿ ಕಟ್ಟಿಕೊಟ್ಟರೂ ಹೊಸ ಮರಳು ಘೇಂಡಾಮೃಗ ಮೇಯುವ ಹುಲ್ಲುಗಾವಲಾಗಲು ವರ್ಷಗಳು ಬೇಕು. ದಕ್ಷಿಣದಲ್ಲಿ ಕಾರ್ಬಿ ಗುಡ್ಡಗಳ ಕಲ್ಲು ಗಣಿಗಾರಿಕೆ ಹೊಳೆಗಳಿಗೆ ಹೂಳು ತುಂಬಿ ಪ್ರಾಣಿಗಳ ದಾರಿ ಮುರಿದಿತ್ತು. 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಉದ್ಯಾನದ ಅಂಚಿನಲ್ಲೂ ಅದಕ್ಕೆ ಹರಿದು ಬರುವ ಹೊಳೆಗಳ ಜಲಾನಯನದಲ್ಲೂ ಗಣಿಗಾರಿಕೆಯನ್ನು ನಿಷೇಧಿಸಿತು. 2020ರಲ್ಲಿ ಇನ್ನೂ ಸುಮಾರು 30.5 ಚದರ ಕಿಲೋಮೀಟರ್ ಸೇರಿಸಲಾಯಿತು.

2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಕಾಲಿಯಾಬೋರ್-ನುಮಾಲಿಗಢ ನಡುವಿನ ಹೆದ್ದಾರಿಯ ಅಗಲೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಸುಮಾರು 34.5 ಕಿಲೋಮೀಟರ್ ಕಂಬಗಳ ಮೇಲೆ ಹಾದು, ಪ್ರಾಣಿಗಳು ಕೆಳಗೆ ದಾಟಲು ಅವಕಾಶವಾಗಲಿದೆ. ಮೇಲುರಸ್ತೆಯ ಕೆಳಗೆ ದಾಟಿದ ಪ್ರಾಣಿಗೆ ಮುಂದೆ ಗುಡ್ಡದ ಬುಡದಲ್ಲೂ ದಾರಿ ಬೇಕು. ಆ ನೆಲದ ಬಹುಭಾಗ ಇವತ್ತಿಗೂ ಉದ್ಯಾನದ ಗಡಿಯ ಹೊರಗಿದೆ.